ನೀಲಿ ತೊಟ್ಟಿಗೆ ಕೈಯಿಟ್ಟ ಕವಿ: ವಿಲಿಯಂ ಮಾರಿಸ್ ಮತ್ತು ಅವನ ಜೊತೆಗಾರರು

ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಪ್ರಾಂತದ ಲೀಕ್ ಪಟ್ಟಣ ಹತ್ತೊಂಬತ್ತನೇ ಶತಮಾನದಲ್ಲಿ ರೇಷ್ಮೆ ನೂಲಿಗೂ ಬಣ್ಣಗಾರಿಕೆಗೂ ಹೆಸರಾಗಿತ್ತು. 1875ರ ಬೇಸಿಗೆಯಲ್ಲಿ ಅಲ್ಲಿನ ಬಣ್ಣದ ಕಾರ್ಖಾನೆಯೊಂದಕ್ಕೆ ಲಂಡನ್ನಿನಿಂದ ಸ್ಥೂಲ ಶರೀರದ, ಕೆದರಿದ ಕೂದಲು ಗಡ್ಡದ ಗೃಹಸ್ಥನೊಬ್ಬ ಬಂದಿಳಿದ. ವಯಸ್ಸು 41. ದೇಶದಲ್ಲೆಲ್ಲ ಕವಿಯೆಂದು ಹೆಸರು ಮಾಡಿದ್ದವನು. ಆದರೆ ಆತ ಬಂದದ್ದು ಕಾರ್ಖಾನೆಯನ್ನು ನೋಡಿಕೊಂಡು ಹೋಗಲಿಕ್ಕಲ್ಲ. ಮುಂದಿನ ಎರಡು ಮೂರು ವರ್ಷಗಳಲ್ಲಿ ಮತ್ತೆ ಮತ್ತೆ ಅಲ್ಲಿಗೆ ಬಂದು, ಕೂಲಿಯವರ ನಿಲುವಂಗಿ ತೊಟ್ಟು, ಮರದ ಪಾದರಕ್ಷೆ ಮೆಟ್ಟಿ, ಬಣ್ಣದ ತೊಟ್ಟಿಗಳಿಗೆ ತಾನೇ ಕೈಯಿಳಿಸಿದ. ಲಂಡನ್ನಿಗೆ ಮರಳಿದಾಗಲೂ ಅವನ ಕೈಗಳಿಗೆ ಹತ್ತಿದ ನೀಲಿ ಬಿಟ್ಟಿರುತ್ತಿರಲಿಲ್ಲ.

ವಿಲಿಯಂ ಮಾರಿಸ್ ಎಂಬ ಆ ವ್ಯಕ್ತಿಯ ಹೆಸರು ಇಂದು ಹೂಬಳ್ಳಿಗಳ ವಿನ್ಯಾಸಕ್ಕೆ ಪರ್ಯಾಯ ಪದವಾಗಿಬಿಟ್ಟಿದೆ. ಪರದೆ, ದಿಂಬಿನ ಚೀಲ, ಗೋಡೆಕಾಗದ, ಚಹಾದ ಬಟ್ಟಲು ಎಲ್ಲದರ ಮೇಲೂ ಅವನ ಬಳ್ಳಿಗಳು ಹಬ್ಬಿವೆ. ಹಾಗೆ ನೋಡಿದರೆ ಆ ಹೆಸರಿನಡಿ ಬಂದ ಬಟ್ಟೆಗಳಲ್ಲಿ ಬಹುಪಾಲು ಒಬ್ಬನ ಕೈಕೆಲಸವಲ್ಲ. ಬಣ್ಣಗಾರರು, ಅಚ್ಚು ಒತ್ತುವವರು, ನೇಯುವ ಹುಡುಗರು, ಕಸೂತಿ ಹಾಕುವ ಹೆಣ್ಣುಮಕ್ಕಳು, ಗೆಳೆಯರು, ಹೆಂಡತಿ, ಮಗಳು ಹೀಗೆ ಹತ್ತಾರು ಮಂದಿ ಕೂಡಿ ಮಾಡಿದ ಕೆಲಸ ಅದು. ಗಿಡಮೂಲದ ಬಣ್ಣ, ಹರಿಯುವ ನೀರು, ಆತುರವಿಲ್ಲದ ಕೈ ಇವುಗಳನ್ನು ನಂಬಿ ಬಟ್ಟೆ ಮಾಡಲು ಹೊರಟವನು ಕೊನೆಗೆ ಎದುರಿಸಿದ ಪ್ರಶ್ನೆ ಮಾತ್ರ ಕಠಿಣವಾಗಿತ್ತು. ಇಷ್ಟೆಲ್ಲ ಪ್ರಾಮಾಣಿಕವಾಗಿ ಮಾಡಿದ ವಸ್ತುವನ್ನು ಕೊಳ್ಳಬಲ್ಲವರು ಯಾರು?

ಗಣಿಯ ಹಣ, ಕಾಡಿನ ನೆನಪು

ಮಾರಿಸ್ ಹುಟ್ಟಿದ್ದು 1834ರ ಮಾರ್ಚ್ 24ರಂದು, ಲಂಡನ್ನಿಗೆ ಹತ್ತಿರದ ವಾಲ್ತಮ್‌ಸ್ಟೋದಲ್ಲಿ. ತಂದೆ ಲಂಡನ್ನಿನ ಹಣಕಾಸು ಪೇಟೆಯಲ್ಲಿ ಹುಂಡಿ ವ್ಯವಹಾರದ ದಲ್ಲಾಳಿ. ಮಗನಿಗೆ ಆರು ವರ್ಷವಾಗುವ ಹೊತ್ತಿಗೆ ಕುಟುಂಬ ಎಪ್ಪಿಂಗ್ ಅರಣ್ಯದ ಅಂಚಿನ ದೊಡ್ಡ ಮನೆಯೊಂದಕ್ಕೆ ಸ್ಥಳಾಂತರಗೊಂಡಿತು. ಕುದುರೆಯೇರಿ ಆ ಕಾಡಿನಲ್ಲಿ ಅಲೆದ ಹುಡುಗ ಮರಗಳನ್ನೂ ಹಕ್ಕಿಗಳನ್ನೂ ಹೆಸರಿಟ್ಟು ಗುರುತಿಸುವುದನ್ನು ಕಲಿತ. ಮುಂದೆ ಅವನ ಬಟ್ಟೆಗಳಲ್ಲಿ ಬಂದ ಹಕ್ಕಿಗಳಿಗೂ ಎಲೆಗಳಿಗೂ ಮೂಲ ಅಲ್ಲಿದೆ. ಪುಸ್ತಕದ ಹೂವು ಅವನಿಗೆ ಎಂದೂ ಸಾಲದಾಗಿತ್ತು.

ಕಾಡಿನ ಜೊತೆಗೆ ಇನ್ನೊಂದು ಮೂಲವೂ ಇತ್ತು. 1844ರಲ್ಲಿ ಡೆವನ್ ಪ್ರಾಂತದ ಟೇಮರ್ ನದಿಯ ದಂಡೆಯಲ್ಲಿ ತಾಮ್ರದ ದೊಡ್ಡ ನಿಕ್ಷೇಪ ಸಿಕ್ಕಿತು. ಡೆವನ್ ಗ್ರೇಟ್ ಕನ್ಸೋಲ್ಸ್ ಎಂದು ಹೆಸರಾದ ಆ ಗಣಿಯ 1,024 ಷೇರುಗಳಲ್ಲಿ 272 ಷೇರುಗಳು ಮಾರಿಸನ ತಂದೆಯ ಕೈಯಲ್ಲಿದ್ದವು. ಒಂದು ಪೌಂಡಿನ ಷೇರು ಅಲ್ಪಕಾಲದಲ್ಲೇ 800 ಪೌಂಡಿಗೆ ಏರಿತು. ತಂದೆ 1847ರಲ್ಲಿ ತೀರಿಕೊಂಡರೂ ಮನೆಗೆ ಬಡತನ ಸುಳಿಯಲಿಲ್ಲ. 21ನೇ ವಯಸ್ಸಿಗೆ ಮಾರಿಸ್‌ಗೆ ವರ್ಷಕ್ಕೆ ಸುಮಾರು 900 ಪೌಂಡುಗಳ ಆದಾಯ ಕೈಗೆ ಬಂತು. ದುಡಿಯಬೇಕಾದ ಒತ್ತಡವಿಲ್ಲದೆ ಕವಿತೆ, ಚಿತ್ರ, ನೇಯ್ಗೆ ಎಂದು ಮನಸೋಇಚ್ಛೆ ಕಲಿಯಲು ಸಾಧ್ಯವಾದದ್ದು ಈ ಗಣಿಯಿಂದ.

ಮಾರ್ಲ್‌ಬರೋ ಶಾಲೆಯ ನಂತರ ಪಾದ್ರಿಯಾಗುವ ಉದ್ದೇಶದಿಂದ ಆಕ್ಸ್‌ಫರ್ಡಿನ ಎಕ್ಸೆಟರ್ ಕಾಲೇಜಿಗೆ ಸೇರಿದ. ಅಲ್ಲಿ ದೊರೆತ ಗೆಳೆಯ ಎಡ್ವರ್ಡ್ ಬರ್ನ್-ಜೋನ್ಸ್. ಆ ಸ್ನೇಹ ಸಾಯುವತನಕ ಉಳಿಯಿತು. ಇಬ್ಬರೂ ಜಾನ್ ರಸ್ಕಿನ್‌ನ ಬರಹಗಳನ್ನು ಓದಿ ಮನಸ್ಸು ಬದಲಿಸಿದರು. ದುಡಿಯುವವನಿಗೆ ತನ್ನ ಕೆಲಸದಲ್ಲಿ ಸಂತೋಷವಿಲ್ಲದಿದ್ದರೆ ಆ ಕೆಲಸದಿಂದ ಸುಂದರವಾದುದು ಹುಟ್ಟದು ಎಂಬ ರಸ್ಕಿನ್‌ನ ವಿಚಾರ ಮಾರಿಸನಿಗೆ ಜೀವನದ ನಂಬಿಕೆಯಾಯಿತು. ರಸ್ಕಿನ್‌ನ ಇನ್ನೊಂದು ಪುಸ್ತಕವನ್ನು 1904ರಲ್ಲಿ ದಕ್ಷಿಣ ಆಫ್ರಿಕದ ರೈಲಿನಲ್ಲಿ ಓದಿ ಗಾಂಧೀಜಿ ತಮ್ಮ ಬದುಕನ್ನೇ ಬದಲಿಸಿಕೊಂಡದ್ದು ನಮ್ಮ ಓದುಗರಿಗೆ ತಿಳಿದ ಸಂಗತಿ.

ವಾಸ್ತುಶಿಲ್ಪಿ ಜಿ.ಇ. ಸ್ಟ್ರೀಟ್ ಕಚೇರಿಯಲ್ಲಿ ಕೆಲಕಾಲ ಕೆಲಸ ಕಲಿತ ಮಾರಿಸ್‌ಗೆ ಅಲ್ಲಿ ಫಿಲಿಪ್ ವೆಬ್ ಸಿಕ್ಕಿದ. ಚಿತ್ರಕಾರ ದಾಂತೆ ಗೇಬ್ರಿಯೆಲ್ ರೊಸೆಟ್ಟಿ ಈ ಬಳಗವನ್ನು ಕುಂಚದ ಕಡೆಗೆ ಎಳೆದ. 1857ರಲ್ಲಿ ಆಕ್ಸ್‌ಫರ್ಡಿನಲ್ಲಿ ಗೋಡೆಚಿತ್ರ ಬರೆಯುತ್ತಿದ್ದಾಗ ಪರಿಚಯವಾದವಳು ಜೇನ್ ಬರ್ಡನ್, ಕುದುರೆ ಲಾಯದ ಕೆಲಸಗಾರನ ಮಗಳು. 1859ರ ಏಪ್ರಿಲ್‌ನಲ್ಲಿ ಅವರ ಮದುವೆ ನಡೆಯಿತು. ಮುಂದೆ ರೊಸೆಟ್ಟಿಗೂ ಜೇನ್‌ಗೂ ಬೆಳೆದ ನಂಟು ಈ ದಾಂಪತ್ಯವನ್ನು ಬಹಳ ನೋಯಿಸಿತು. ಅದರ ಬಗ್ಗೆ ಬೇಕಾದಷ್ಟು ಪುಸ್ತಕಗಳಿವೆ. ಆದರೆ ಜೇನ್ ಕೈಯ ಸೂಜಿಯ ಬಗ್ಗೆ ಅಷ್ಟು ಬರೆದವರಿಲ್ಲ.

ಕೆಂಟ್ ಪ್ರಾಂತದಲ್ಲಿ ವೆಬ್ ಕಟ್ಟಿಕೊಟ್ಟ ಕೆಂಪು ಇಟ್ಟಿಗೆಯ ಮನೆ, ರೆಡ್ ಹೌಸ್, 1860ರಲ್ಲಿ ಸಿದ್ಧವಾಯಿತು. ಒಳಗಿನ ಅಲಂಕಾರಕ್ಕೆ ಅಂಗಡಿಗಳಲ್ಲಿ ಸಿಗುತ್ತಿದ್ದ ಸಾಮಾನು ಯಾವುದೂ ಮಾರಿಸ್‌ಗೆ ಹಿಡಿಸಲಿಲ್ಲ. ಹಾಗಾಗಿ ಗೆಳೆಯರೆಲ್ಲ ವಾರಾಂತ್ಯಗಳಲ್ಲಿ ಬಂದು ಗೋಡೆ, ಛಾವಣಿ, ಪೀಠೋಪಕರಣಗಳಿಗೆ ತಾವೇ ಬಣ್ಣ ಹಚ್ಚಿದರು. ಜೇನ್ ಲಂಡನ್ ಅಂಗಡಿಯೊಂದರಲ್ಲಿ ನೀಲಿಬಣ್ಣದ ಒರಟು ಉಣ್ಣೆಬಟ್ಟೆ ಕಂಡು ಮನೆಗೆ ತಂದಳು. ಮಾರಿಸ್ ಅದರ ಮೇಲೆ ಡೇಸಿ ಹೂಗಳ ಗೊಂಚಲುಗಳನ್ನು ಬರೆದ. ಜೇನ್ ಮತ್ತು ಆಕೆಯ ತಂಗಿ ಬೆಸಿ ಮುಂತಾದವರು ಅದನ್ನು ಉಣ್ಣೆನೂಲಿನಲ್ಲಿ ಕಸೂತಿ ಮಾಡಿದರು. ಹಳೆಯ ಕಸೂತಿಗಳನ್ನು ಬಿಚ್ಚಿ, ಹೊಲಿಗೆ ಹೇಗೆ ಹೋಗಿದೆ ಎಂದು ನೋಡಿ, ಗಂಡಹೆಂಡಿರಿಬ್ಬರೂ ಕೂಡಿಯೇ ಕಲಿತ ವಿದ್ಯೆ ಅದು.

ಏಳು ಮಂದಿಯ ಕಂಪನಿ

ಈ ಮನೆಯ ಉತ್ಸಾಹವೇ 1861ರ ಏಪ್ರಿಲ್‌ನಲ್ಲಿ ಒಂದು ವ್ಯಾಪಾರವಾಯಿತು. ಮಾರಿಸ್, ಮಾರ್ಷಲ್, ಫಾಕ್ನರ್ ಆ್ಯಂಡ್ ಕಂಪನಿಯಲ್ಲಿ ಏಳು ಮಂದಿ ಪಾಲುದಾರರು. ಮಾರಿಸ್, ಬರ್ನ್-ಜೋನ್ಸ್, ರೊಸೆಟ್ಟಿ, ವೆಬ್, ಚಿತ್ರಕಾರ ಫೋರ್ಡ್ ಮ್ಯಾಡಾಕ್ಸ್ ಬ್ರೌನ್, ಗಣಿತಜ್ಞ ಚಾರ್ಲ್ಸ್ ಫಾಕ್ನರ್, ಎಂಜಿನಿಯರ್ ಪೀಟರ್ ಪಾಲ್ ಮಾರ್ಷಲ್. ಬಣ್ಣದ ಗಾಜು, ಕಸೂತಿ, ಹೆಂಚು, ಪೀಠೋಪಕರಣ ಎಲ್ಲವೂ ಒಂದೇ ಸೂರಿನಡಿ. ಪಾಲುದಾರರ ಪಟ್ಟಿಯಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ಕಸೂತಿ ಹಾಕಿದವರು, ಹೆಂಚಿನ ಮೇಲೆ ಬರೆದವರು ಮಾತ್ರ ಪಾಲುದಾರರ ಹೆಂಡತಿಯರು, ಅಕ್ಕತಂಗಿಯರು.

ಮಾರಿಸ್ ಬರೆದ ಮೊದಲ ಗೋಡೆಕಾಗದ ಟ್ರೆಲ್ಲಿಸ್, ರೆಡ್ ಹೌಸ್ ತೋಟದ ಗುಲಾಬಿ ಚಪ್ಪರದ ಚಿತ್ರ. ಹೂಬಳ್ಳಿ ಅವನದು, ಅದರ ನಡುವಿನ ಹಕ್ಕಿಗಳನ್ನು ಬರೆದದ್ದು ವೆಬ್. ಹಕ್ಕಿಯ ರೂಪ ತನ್ನ ಕೈಗೆ ಸರಿಯಾಗಿ ಬರುವುದಿಲ್ಲವೆಂದು ಮಾರಿಸ್ ಒಪ್ಪಿಕೊಂಡು ಗೆಳೆಯನಿಗೆ ಬಿಟ್ಟ. ವಿನ್ಯಾಸದ ಬಗ್ಗೆ ಅವನದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಹೂವನ್ನು ಇದ್ದಂತೆ ನಕಲು ಮಾಡಬಾರದು, ಆದರೆ ಪ್ರತಿ ಟಿಸಿಲೂ ಎಲ್ಲಿಂದ ಹುಟ್ಟಿತು, ಎತ್ತ ಬೆಳೆಯಿತು ಎಂಬುದು ಕಣ್ಣಿಗೆ ಕಾಣಬೇಕು. ನಡುಮನೆಯ ಗೋಡೆಯ ಮೇಲೆ ಬೆಳವಣಿಗೆ ಇರಬೇಕು, ಸತ್ತ ಹೂವಲ್ಲ.

ಈ ಜೀವಂತ ಹಸಿರಿನೊಳಗೆ ವಿಷ ಇತ್ತೆಂಬುದು ಇತಿಹಾಸದ ಕ್ರೂರ ವ್ಯಂಗ್ಯ. ಆ ಕಾಲದ ಗೋಡೆಕಾಗದಗಳ ಹಸಿರಿಗೆ ತಾಮ್ರ ಮತ್ತು ಆರ್ಸೆನಿಕ್ ಬೆರೆತ ಬಣ್ಣವೇ ಸಾಮಾನ್ಯವಾಗಿತ್ತು. ಮಾರಿಸ್ ಕಂಪನಿಯ ಆರಂಭದ ಕಾಗದಗಳೂ ಹೊರತಾಗಿರಲಿಲ್ಲ. ಟ್ರೆಲ್ಲಿಸ್‌ನ ಹಳೆಯ ತುಣುಕೊಂದರಲ್ಲಿ ಆರ್ಸೆನಿಕ್ ಇರುವುದನ್ನು 2003ರಲ್ಲಿ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಖಚಿತಪಡಿಸಿದರು. ಅಷ್ಟೇ ಅಲ್ಲ. ಮಾರಿಸ್ ಕುಟುಂಬದ ಡೆವನ್ ಗಣಿ ತಾಮ್ರ ಕಡಿಮೆಯಾದ ಮೇಲೆ ಆರ್ಸೆನಿಕ್‌ನತ್ತ ತಿರುಗಿ, 1870ರ ದಶಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಆರ್ಸೆನಿಕ್ ತೆಗೆಯುವ ಗಣಿಗಳಲ್ಲಿ ಒಂದಾಗಿತ್ತು. ಅಲ್ಲಿ ಕೆಲಸಗಾರರು ಮೂಗಿಗೆ ಹತ್ತಿ ತುರುಕಿ, ಚರ್ಮಕ್ಕೆ ಜೇಡಿಮಣ್ಣು ಬಳಿದುಕೊಂಡು ವಿಷದ ಪುಡಿಯನ್ನು ಕೆರೆಯುತ್ತಿದ್ದರು. 1871ರಿಂದ 1875ರವರೆಗೆ ಮಾರಿಸ್ ಆ ಗಣಿ ಕಂಪನಿಯ ನಿರ್ದೇಶಕನಾಗಿದ್ದ. ಆ ಕೆಲಸ ಬಿಟ್ಟ ದಿನ, ಸಭೆಗಳಿಗೆಂದು ಇಟ್ಟುಕೊಂಡಿದ್ದ ಎತ್ತರದ ರೇಷ್ಮೆ ಟೋಪಿಯ ಮೇಲೆ ಕುಳಿತು ಅದನ್ನು ಅಪ್ಪಚ್ಚಿ ಮಾಡಿದ ಎನ್ನಲಾಗುತ್ತದೆ. ಟೋಪಿಯ ಕಥೆ ತಮಾಷೆಯದು. ಆದರೆ ಹಸಿರು ಕಾಗದದಿಂದ ಜನ ಕಾಯಿಲೆ ಬೀಳುತ್ತಾರೆಂಬ ವೈದ್ಯರ ಎಚ್ಚರಿಕೆಯನ್ನು ಆತ 1885ರಲ್ಲೂ ಒಂದು ಖಾಸಗಿ ಪತ್ರದಲ್ಲಿ ತಳ್ಳಿಹಾಕಿದ್ದ. ಕಂಪನಿ ಆರ್ಸೆನಿಕ್ ಬಿಟ್ಟದ್ದು ಗಿರಾಕಿಗಳ ಒತ್ತಾಯಕ್ಕೆ. ಮಾರಿಸ್ ಅಭಿಮಾನಿಗಳು ಈ ಅಧ್ಯಾಯವನ್ನು ಬೇಗ ದಾಟಿಬಿಡುವುದುಂಟು. ದಾಟಬೇಕಾದ ಅಧ್ಯಾಯವಲ್ಲ ಇದು.

ಲೀಕ್‌ನ ತೊಟ್ಟಿಗಳು

1875 ಮಾರಿಸನ ಬದುಕಿನ ತಿರುವಿನ ವರ್ಷ. ಗಣಿಯ ಲಾಭಾಂಶ ಇಳಿಯುತ್ತಿತ್ತು. ಕಂಪನಿಯ ಆದಾಯವೇ ಅವನಿಗೆ ಆಧಾರವಾಗತೊಡಗಿತ್ತು. ಹಳೆಯ ಪಾಲುದಾರಿಕೆಯನ್ನು ವಿಸರ್ಜಿಸಿ ಮಾರಿಸ್ ಆ್ಯಂಡ್ ಕಂಪನಿ ಎಂಬ ಹೆಸರಿನಲ್ಲಿ ಪೂರ್ತಿ ತನ್ನದಾಗಿ ಮಾಡಿಕೊಂಡ. ರೊಸೆಟ್ಟಿ, ಬ್ರೌನ್, ಮಾರ್ಷಲ್ ಮೂವರೂ ಪರಿಹಾರ ಕೇಳಿದರು, ಪಡೆದರು. ಬ್ರೌನ್ ಜೊತೆಗಿನ ಮಾತುಕತೆ ವರ್ಷಗಟ್ಟಲೆ ಮುರಿದುಬಿತ್ತು.

ಅದೇ ಹೊತ್ತಿಗೆ ಬಟ್ಟೆಯ ಮೇಲೆ ಅಚ್ಚು ಹಾಕಿಸುವ ಅವನ ಪ್ರಯತ್ನ ಬಣ್ಣದ ಮುಂದೆ ಸೋತು ನಿಂತಿತ್ತು. ಟ್ಯುಲಿಪ್ ಆ್ಯಂಡ್ ವಿಲೋ ಎಂಬ ವಿನ್ಯಾಸವನ್ನು 1873ರಲ್ಲಿ ಹೊರಗಿನ ಕಾರ್ಖಾನೆಯೊಂದು ಪ್ರಷ್ಯನ್ ನೀಲಿಯಲ್ಲಿ ಅಚ್ಚು ಹಾಕಿಕೊಟ್ಟಿತು. ಮಾರಿಸ್‌ಗೆ ಅದು ಸುತರಾಂ ಒಪ್ಪಿಗೆಯಾಗಲಿಲ್ಲ. 1856ರಲ್ಲಿ ವಿಲಿಯಂ ಪರ್ಕಿನ್ ಎಂಬ 18ರ ತರುಣ ಕಲ್ಲಿದ್ದಲ ಡಾಂಬರಿನಿಂದ ನೇರಳೆ ಬಣ್ಣ ತೆಗೆದ ಮೇಲೆ ಹಳೆಯ ಬಣ್ಣಗಾರಿಕೆ ಮೂಲೆಗೆ ಬಿದ್ದಿತ್ತು. ಹೊಸ ಬಣ್ಣಗಳು ಸುಲಭ, ಅಗ್ಗ, ಕಣ್ಣಿಗೆ ರಾಚುವಷ್ಟು ಉಜ್ವಲ. ಆದರೆ ಅವುಗಳಲ್ಲಿ ಬಹಳಷ್ಟು ಬಿಸಿಲಿಗೆ ನಿಲ್ಲುತ್ತಿರಲಿಲ್ಲ, ಮಾಸಿದಾಗ ಕೊಳಕಾಗಿ ಕಾಣುತ್ತಿದ್ದವು. ಗಿಡದ ಬಣ್ಣವೂ ಮಾಸುತ್ತದೆ, ಆದರೆ ಹಣ್ಣಾದ ಎಲೆಯಂತೆ ಚೆಲುವಾಗಿಯೇ ಮಾಸುತ್ತದೆ ಎಂಬುದು ಮಾರಿಸನ ವಾದವಾಗಿತ್ತು.

ಕಂಪನಿಯ ವ್ಯವಸ್ಥಾಪಕ ಜಾರ್ಜ್ ವಾರ್ಡಲ್‌ನ ಭಾವ ಥಾಮಸ್ ವಾರ್ಡಲ್ ಲೀಕ್‌ನಲ್ಲಿ ಬಣ್ಣದ ಕಾರ್ಖಾನೆ ನಡೆಸುತ್ತಿದ್ದ. ಅವನ ಹಳೆಯ ಕೆಲಸಗಾರರಿಗೆ ಇನ್ನೂ ಹಿಂದಿನ ಪದ್ಧತಿ ನೆನಪಿತ್ತು. ಮಾರಿಸ್ ಪುರಾತನ ಸಸ್ಯಗ್ರಂಥಗಳನ್ನೂ ಫ್ರೆಂಚ್ ಬಣ್ಣಗಾರಿಕೆಯ ಪುಸ್ತಕಗಳನ್ನೂ ಹೊತ್ತು ತಂದ. ನೀಲಿಗೆ ನೀಲಿಗಿಡ, ಕೆಂಪಿಗೆ ನಮ್ಮ ಮಂಜಿಷ್ಠದ ದಾಯಾದಿಯಾದ ಮ್ಯಾಡರ್ ಬೇರು ಮತ್ತು ಕೊಚಿನೀಲ್, ಕರ್ಮೀಸ್ ಎಂಬ ಕೀಟಗಳು, ಹಳದಿಗೆ ವೆಲ್ಡ್ ಎಂಬ ಗಿಡ, ಕಂದಿಗೆ ಅಕ್ರೋಟಿನ ಬೇರು ಮತ್ತು ಸಿಪ್ಪೆ. ಪ್ರಯೋಗಗಳು ಕೈಕೊಟ್ಟಾಗ ಮಾರಿಸ್ ಬರೆದ ಪತ್ರಗಳಲ್ಲಿ ಸಿಟ್ಟು ಉಕ್ಕಿ ಹರಿದಿದೆ. ಒಂದು ಥಾನಿನಂತೆ ಮತ್ತೊಂದು ಬರುತ್ತಿರಲಿಲ್ಲ. ತಿಕ್ಕಿದರೆ ಬಣ್ಣ ಬಿಡುತ್ತಿತ್ತು. ವಾರ್ಡಲ್ ತಾಳ್ಮೆಯಿಂದ ಮತ್ತೆ ಮಾಡಿಸುತ್ತಿದ್ದ. ಮಾರಿಸ್ ಮತ್ತೆ ತಿರಸ್ಕರಿಸುತ್ತಿದ್ದ.

ನೀಲಿಯೇ ಎಲ್ಲಕ್ಕಿಂತ ಹಟಮಾರಿ. ಅದು ನೀರಿನಲ್ಲಿ ಕರಗುವುದಿಲ್ಲ. ತೊಟ್ಟಿಯಲ್ಲಿ ಅದರ ಪ್ರಾಣವಾಯುವನ್ನು ಕಸಿದುಕೊಂಡರೆ ಮಾತ್ರ ಹಸಿರು-ಹಳದಿ ದ್ರಾವಣವಾಗಿ ನೂಲಿಗಿಳಿಯುತ್ತದೆ. ಅದ್ದಿ ತೆಗೆದ ಬಟ್ಟೆ ಗಾಳಿ ಸೋಕುತ್ತಿದ್ದಂತೆ ಹಸಿರಾಗಿ, ಕ್ಷಣಗಳಲ್ಲಿ ನೀಲಿಯಾಗಿ ನಿಲ್ಲುತ್ತದೆ. ತೊಟ್ಟಿಯ ಕಾವು, ವಾಸನೆ, ಮೇಲಿನ ನೊರೆ ನೋಡಿಯೇ ಹದ ಹೇಳಬೇಕು. ಅನುಭವವಿಲ್ಲದವನಿಗೆ ಅದು ಒಲಿಯುವುದಿಲ್ಲ. ಪುಸ್ತಕ ಓದಿದ ಕವಿ ಅಕ್ಷರ ಕಲಿಯದ ಕೆಲಸಗಾರನ ಮುಂದೆ ಶಿಷ್ಯನಾಗಬೇಕಾದ ಜಾಗ ಇದು.

ಆ ನೀಲಿಯ ಬೆನ್ನಿಗೆ ಭಾರತದ ಕಥೆಯೂ ಇದೆ. ಅಂದಿನ ಲಂಡನ್ ಮಾರುಕಟ್ಟೆಗೆ ಬರುತ್ತಿದ್ದ ನೀಲಿಯಲ್ಲಿ ಬಹುಪಾಲು ಬಂಗಾಳ ಮತ್ತು ಬಿಹಾರದ್ದು. ನೀಲಿ ಬೆಳೆಯಲು ಬಲವಂತಪಡಿಸಿದ ಯುರೋಪಿಯನ್ ತೋಟಗಾರರ ವಿರುದ್ಧ ಬಂಗಾಳದ ರೈತರು 1859-60ರಲ್ಲಿ ದಂಗೆಯೆದ್ದಿದ್ದರು. ಚಂಪಾರಣ್ಯದ ರೈತರ ಬವಣೆ 1917ರವರೆಗೂ ಮುಗಿಯಲಿಲ್ಲ. ಡಾಂಬರಿನ ಬಣ್ಣಕ್ಕಿಂತ ಗಿಡದ ಬಣ್ಣ ಶುದ್ಧವೆಂಬ ಮಾತಿಗೆ ಹೀಗೊಂದು ತೊಡಕಿದೆ. ಮಾರಿಸ್ ಭಾರತವನ್ನು ಕಂಡವನಲ್ಲ. ಆದರೂ 1879ರ ಬರ್ಮಿಂಗ್‌ಹ್ಯಾಂ ಭಾಷಣದಲ್ಲಿ ಬ್ರಿಟಿಷ್ ಆಳ್ವಿಕೆ ಮತ್ತು ವ್ಯಾಪಾರ ಭಾರತದ ಕೈಕಸುಬುಗಳನ್ನು ನಾಶ ಮಾಡುತ್ತಿರುವುದನ್ನು ಖಂಡಿಸಿದ. ಸರ್ಕಾರ ಜೈಲುಗಳಲ್ಲಿ ಅಗ್ಗದ ಜಮಖಾನ ನೇಯಿಸುತ್ತಿದ್ದುದನ್ನೂ ಟೀಕಿಸಿದ. ವಾರ್ಡಲ್‌ನ ನಂಟು ಇನ್ನೂ ನೇರ: ಭಾರತದ ಟಸರ್ ರೇಷ್ಮೆಗೆ ಬಣ್ಣ ಹಿಡಿಯುವಂತೆ ಮಾಡುವ ವಿಧಾನ ಕಂಡುಹಿಡಿದ ಆತ 1885-86ರಲ್ಲಿ ಭಾರತಕ್ಕೂ ಬಂದುಹೋದ.

ಲೀಕ್‌ನ ಇನ್ನೊಂದು ಫಲವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಥಾಮಸ್‌ನ ಪತ್ನಿ ಎಲಿಜಬೆತ್ ವಾರ್ಡಲ್ ಊರಿನ ಹೆಣ್ಣುಮಕ್ಕಳನ್ನು ಸೇರಿಸಿ ಕಸೂತಿ ಸಂಘ ಕಟ್ಟಿದಳು. ಗಂಡನ ಕಾರ್ಖಾನೆಯ ಗಿಡಮೂಲದ ಬಣ್ಣದ ನೂಲೇ ಅವರ ಬಂಡವಾಳ. ಫ್ರಾನ್ಸಿನ ಪ್ರಸಿದ್ಧ ಬಾಯೊ ಚಿತ್ರಪಟ್ಟಿಯ ಪೂರ್ಣಪ್ರಮಾಣದ ಪ್ರತಿಯೊಂದು ಇಂಗ್ಲೆಂಡಿಗೂ ಇರಲೆಂದು ಮೂವತ್ತಕ್ಕೂ ಹೆಚ್ಚು ಮಹಿಳೆಯರು 1885-86ರಲ್ಲಿ ಕೂಡಿ ಕುಳಿತು ಸುಮಾರು 70 ಮೀಟರ್ ಉದ್ದದ ಕಸೂತಿಯನ್ನು ಒಂದೇ ವರ್ಷದಲ್ಲಿ ಮುಗಿಸಿದರು. ಪ್ರತಿಯೊಬ್ಬಳೂ ತಾನು ಹೊಲಿದ ಭಾಗದ ಕೆಳಗೆ ತನ್ನ ಹೆಸರನ್ನು ಸೂಜಿಯಲ್ಲೇ ಬರೆದಳು. ರೆಡಿಂಗ್ ನಗರದ ವಸ್ತುಸಂಗ್ರಹಾಲಯದಲ್ಲಿರುವ ಆ ಪಟ್ಟಿಯಲ್ಲಿ ಆ ಹೆಸರುಗಳನ್ನು ಇಂದಿಗೂ ಓದಬಹುದು.

ವಾಂಡಲ್ ಹೊಳೆಯ ದಡದಲ್ಲಿ

ಬಣ್ಣ ಕೈಹಿಡಿದ ಮೇಲೆ ಮಾರಿಸ್‌ಗೆ ಬೇಕಾದದ್ದು ಸ್ವಂತ ಜಾಗ, ಒಳ್ಳೆಯ ನೀರು. ಲಂಡನ್ನಿನ ದಕ್ಷಿಣಕ್ಕೆ ಮರ್ಟನ್ ಆ್ಯಬಿ ಎಂಬಲ್ಲಿ ವಾಂಡಲ್ ಹೊಳೆಯ ದಂಡೆಯ ಏಳು ಎಕರೆ ಜಾಗ, ಹಳೆಯ ಮರದ ಶೆಡ್ಡುಗಳು 1881ರಲ್ಲಿ ಸಿಕ್ಕವು. ಹೊಳೆಯ ನೀರು ಕೆಂಪು ಬಣ್ಣಕ್ಕೆ ಹೇಳಿ ಮಾಡಿಸಿದಂತಿತ್ತು. ಅಚ್ಚು ಹಾಕಿದ ಥಾನುಗಳನ್ನು ಆ ಹರಿವಿನಲ್ಲಿ ಜಾಲಿಸಿ, ಪಕ್ಕದ ಹುಲ್ಲುಗಾವಲಿನಲ್ಲಿ ಹರಡಿ ಬಿಸಿಲಿಗೆ ಹಾಕುತ್ತಿದ್ದರು. ಸುತ್ತ ಪಾಪ್ಲರ್, ವಿಲೋ ಮರಗಳು, ಹೂದೋಟ. ಆ ಕಾಲದ ಇಂಗ್ಲಿಷ್ ಕಾರ್ಖಾನೆಯೊಂದಕ್ಕೆ ಇಂಥ ನೋಟ ಅಪರೂಪ.

ಇಲ್ಲಿ ತಯಾರಾದ ಬಟ್ಟೆಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು 1883ರ ಸ್ಟ್ರಾಬೆರಿ ಥೀಫ್. ಥೇಮ್ಸ್ ನದಿಯ ಮೇಲ್ದಂಡೆಯ ಕೆಲ್ಮ್‌ಸ್ಕಾಟ್ ಹಳ್ಳಿಯಲ್ಲಿ ಮಾರಿಸ್ ಬಾಡಿಗೆಗೆ ಹಿಡಿದಿದ್ದ ಹಳೆಯ ಮನೆಯ ತೋಟದಲ್ಲಿ ಥ್ರಷ್ ಹಕ್ಕಿಗಳು ಬಲೆಯಡಿ ನುಸುಳಿ ಸ್ಟ್ರಾಬೆರಿ ಕದಿಯುತ್ತಿದ್ದವು. ತೋಟದಾಳು ಅವುಗಳ ಕತ್ತು ಮುರಿಯಲು ಸಿದ್ಧನಿದ್ದ. ಒಂದನ್ನೂ ಮುಟ್ಟಕೂಡದೆಂದು ಮಾರಿಸ್ ತಡೆದ. ಕಳ್ಳ ಹಕ್ಕಿಗಳು ಬಟ್ಟೆಯ ಮೇಲೆ ಬಂದು ಕುಳಿತವು.

ಆ ಬಟ್ಟೆಯ ಹಿಂದಿನ ದುಡಿಮೆ ತಿಳಿಯಬೇಕಾದದ್ದು. ಮೊದಲು ಇಡೀ ಥಾನನ್ನು ನೀಲಿ ತೊಟ್ಟಿಯಲ್ಲಿ ಅದ್ದುತ್ತಾರೆ. ಬಳಿಕ ಬೆಳಕು ಬೇಕಾದಲ್ಲಿ ಮರದ ಅಚ್ಚಿನಿಂದ ಬಣ್ಣ ಕಳೆಯುವ ದ್ರಾವಣವನ್ನು ಒತ್ತುತ್ತಾರೆ. ಗಾಢ ನೀಲಿಯ ನಡುವೆ ಬಿಳಿಯೂ ತಿಳಿನೀಲಿಯೂ ಅರಳುತ್ತವೆ. ತೊಳೆದು, ಬಣ್ಣ ಹಿಡಿದಿಡುವ ಲವಣದ ಅಚ್ಚೊತ್ತಿ, ಅಲಿಜರಿನ್‌ನ ಕೆಂಪನ್ನು ಏರಿಸುತ್ತಾರೆ. ಮ್ಯಾಡರ್ ಬೇರಿನ ಸತ್ವವೇ ಅಲಿಜರಿನ್. ಮತ್ತೆ ತೊಳೆತ. ಕೊನೆಗೆ ವೆಲ್ಡ್ ಗಿಡದ ಹಳದಿ. ಅದು ತಿಳಿನೀಲಿಯ ಮೇಲೆ ಬಿದ್ದಲ್ಲಿ ಎಲೆಯ ಹಸಿರಾಗುತ್ತದೆ. ಒಂದೊಂದು ಹಂತದ ನಡುವೆ ಒಣಗುವ ಕಾಯುವಿಕೆ, ಅಚ್ಚು ಕೂದಲೆಳೆಯಷ್ಟೂ ಜರುಗದಂತೆ ನೋಡುವ ಕಣ್ಣು. ಹೀಗೆ ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸಕ್ಕೆ ಬೆಲೆಯೂ ತಕ್ಕಂತೆ ಏರಿತು. ಕಂಪನಿಯ ದುಬಾರಿ ಬಟ್ಟೆಗಳಲ್ಲಿ ಅದೂ ಒಂದಾಯಿತು. ಥೇಮ್ಸ್‌ನ ಉಪನದಿಗಳ ಹೆಸರಿಟ್ಟು ಮಾಡಿದ ವಾಂಡಲ್, ಈವನ್‌ಲೋಡ್, ಕೆನೆಟ್ ಮುಂತಾದ ವಿನ್ಯಾಸಗಳಲ್ಲಿ ಕ್ರೇ ಎಂಬುದಕ್ಕೆ 34 ಅಚ್ಚುಗಳು ಬೇಕಾಗುತ್ತಿದ್ದವು.

ಮಗ್ಗದ ವಿದ್ಯೆಯನ್ನೂ ಮಾರಿಸ್ ಹೀಗೆಯೇ ಕಲಿತ. 1879ರಲ್ಲಿ ಹ್ಯಾಮರ್‌ಸ್ಮಿತ್‌ನ ತನ್ನ ಮಲಗುವ ಕೋಣೆಯಲ್ಲೇ ಟ್ಯಾಪೆಸ್ಟ್ರಿ ಮಗ್ಗ ನಿಲ್ಲಿಸಿ, ನಸುಕಿನಲ್ಲೆದ್ದು ನೇಯುತ್ತಿದ್ದ. ಮೊದಲ ಪರದೆಗೆ 516 ಗಂಟೆಗಳಿಗೂ ಹೆಚ್ಚು ಹಿಡಿಯಿತೆಂದು ದಿನಚರಿಯಲ್ಲಿ ಲೆಕ್ಕ ಇಟ್ಟಿದ್ದಾನೆ. ತಾನು ಕಲಿತದ್ದನ್ನು ಜಾನ್ ಹೆನ್ರಿ ಡರ್ಲ್ ಎಂಬ ಹುಡುಗನಿಗೆ ಕಲಿಸಿದ. ಡರ್ಲ್ ಬೇರೆ ಹುಡುಗರಿಗೆ ಕಲಿಸಿದ. 1887ರ ದಿ ಫಾರೆಸ್ಟ್ ಎಂಬ ಪರದೆಯನ್ನು ನೋಡಿದರೆ ಕೂಡುಕೆಲಸದ ಸ್ವರೂಪ ಸ್ಪಷ್ಟವಾಗುತ್ತದೆ. ಸುರುಳಿ ಸುತ್ತಿದ ದೊಡ್ಡ ಎಲೆಗಳು ಮಾರಿಸನದು, ಸಿಂಹ, ನರಿ, ಮೊಲ, ನವಿಲು, ಕಾಗೆ ವೆಬ್‌ನದು, ನೆಲದ ಹೂಗಳು ಡರ್ಲ್‌ನದು. ನೇಯ್ದವರು ಡರ್ಲ್, ಸ್ಲೀತ್, ವಿಲಿಯಂ ನೈಟ್.

ಯಾರ ಮನೆಗೆ ಈ ಹೂಗಳು

ಮರ್ಟನ್‌ನಲ್ಲಿ ಕೆಲಸ ಚೆನ್ನಾಗಿ ನಡೆಯುತ್ತಿದ್ದಂತೆ ಮಾರಿಸನ ಒಳಗುದಿ ಹೆಚ್ಚಿತು. ಎಲ್ಲರಿಗೂ ಕಲೆ ಎಂದು ಊರೂರು ತಿರುಗಿ ಭಾಷಣ ಮಾಡುತ್ತಿದ್ದವನ ಗಿರಾಕಿಗಳು ಕಬ್ಬಿಣದ ಕಾರ್ಖಾನೆಯ ಧಣಿಗಳು, ಜಮೀನ್ದಾರರು. ಯಾರ್ಕ್‌ಶೈರ್‌ನ ಉಕ್ಕಿನ ಉದ್ಯಮಿ ಲೋಥಿಯನ್ ಬೆಲ್‌ನ ಮನೆಯ ಅಲಂಕಾರಕ್ಕೆ ಹೋಗಿದ್ದಾಗ, ಹಣವಂತರ ಹಂದಿಭೋಗಕ್ಕೆ ಸೇವೆ ಮಾಡುತ್ತ ಬದುಕು ಕಳೆಯುತ್ತಿದ್ದೇನೆಂದು ಮನೆಯ ಯಜಮಾನನೆದುರೇ ಸಿಡಿದನೆಂಬ ಪ್ರಸಂಗವಿದೆ. ಅದೇ ಮನೆಯ ಊಟದ ಕೋಣೆಗೆ ಬರ್ನ್-ಜೋನ್ಸ್ ಮತ್ತು ಮಾರಿಸ್ ಬರೆದುಕೊಟ್ಟ ಕಸೂತಿ ಪಟ್ಟಿಯನ್ನು ಯಜಮಾನನ ಹೆಂಡತಿ ಮತ್ತು ಮಗಳು ಎಂಟು ವರ್ಷ ಕುಳಿತು ಹೊಲಿದರು.

1883ರ ಆರಂಭದಲ್ಲಿ ಮಾರಿಸ್ ಸಮಾಜವಾದಿ ಸಂಘಟನೆಗೆ ಸೇರಿದ. ಮುಂದಿನ ವರ್ಷದ ಕೊನೆಗೆ ಸೋಷಲಿಸ್ಟ್ ಲೀಗ್ ಕಟ್ಟಿದವರಲ್ಲಿ ಒಬ್ಬನಾದ. ಬೀದಿಮೂಲೆಯಲ್ಲಿ ನಿಂತು ಭಾಷಣ ಮಾಡಿದ, ಪತ್ರಿಕೆ ಮಾರಿದ, 1885ರಲ್ಲಿ ನ್ಯಾಯಾಲಯದ ಗಲಾಟೆಯೊಂದರಲ್ಲಿ ಬಂಧನಕ್ಕೂ ಒಳಗಾದ. ಸಿರಿವಂತ ಮಿತ್ರರು ದೂರವಾದರು. ಹಾಗಾದರೆ ನಿನ್ನ ಕಾರ್ಖಾನೆಯ ಲಾಭವನ್ನೇಕೆ ಕೆಲಸಗಾರರಿಗೆ ಹಂಚುವುದಿಲ್ಲ ಎಂಬ ಸವಾಲು ಸಹಜವಾಗಿಯೇ ಎದುರಾಯಿತು. ಕೆಲವು ಹಿರಿಯ ಕೆಲಸಗಾರರಿಗೆ ಲಾಭದ ಪಾಲಿತ್ತು. ಉಳಿದವರಿಗೆ ಒಳ್ಳೆಯ ಕೂಲಿ. ಎಲ್ಲರಿಗೂ ಹಂಚಿದರೆ ಒಬ್ಬೊಬ್ಬರಿಗೆ ಅಲ್ಪಸ್ವಲ್ಪ ಸಿಕ್ಕೀತೇ ಹೊರತು ವ್ಯವಸ್ಥೆ ಬದಲಾಗದು ಎಂದು 1884ರಲ್ಲಿ ಪತ್ರ ಬರೆದು ಸಮರ್ಥಿಸಿಕೊಂಡ. ಉತ್ತರದಲ್ಲಿ ತರ್ಕವಿದೆ. ಬರೆದವನಿಗೇ ಪೂರ್ತಿ ಸಮಾಧಾನ ಇದ್ದಂತೆ ಕಾಣುವುದಿಲ್ಲ.

1890ರ ದಶಕದ ಆರಂಭದಲ್ಲಿ ಕಂಪನಿಗೆ ಬಂದ ಅತಿ ದೊಡ್ಡ ಟ್ಯಾಪೆಸ್ಟ್ರಿ ಬೇಡಿಕೆ ವಿಲಿಯಂ ನಾಕ್ಸ್ ಡಾರ್ಸಿಯದು. ಆಸ್ಟ್ರೇಲಿಯಾದ ಚಿನ್ನದ ಗಣಿಯಿಂದ ಕೋಟ್ಯಧೀಶನಾದವನು. ಹೋಲಿ ಗ್ರೇಲ್ ಪರದೆಗಳಲ್ಲಿ ಮನುಷ್ಯರನ್ನು ಬರ್ನ್-ಜೋನ್ಸ್ ಬರೆದ, ಕಾಲಡಿಯ ಸಾವಿರ ಹೂಗಳನ್ನು ಡರ್ಲ್ ಬರೆದ, ಹುಡುಗರು ವರ್ಷಗಟ್ಟಲೆ ನೇಯ್ದರು. ಅದೇ ಡಾರ್ಸಿ 1901ರಲ್ಲಿ ಪರ್ಷಿಯಾದಲ್ಲಿ ತೈಲ ಹುಡುಕುವ ಹಕ್ಕು ಪಡೆದ, 1908ರಲ್ಲಿ ತೈಲ ಚಿಮ್ಮಿತು, ಇಂದಿನ ಬಿ.ಪಿ. ಕಂಪನಿಯ ಬೇರು ಅಲ್ಲಿದೆ. ಡಾಂಬರಿನ ಬಣ್ಣ ಬೇಡವೆಂದು ಹಟ ಹಿಡಿದವನ ಕಾರ್ಖಾನೆಯಿಂದ ಹೊರಟ ಹೂಗಳು ತೈಲಯುಗದ ಮೊದಲಿಗರೊಬ್ಬನ ಊಟದ ಕೋಣೆಯಲ್ಲಿ ಅರಳಿದವು.

ಈ ನಡುವೆ 1885ರಲ್ಲಿ 23ರ ಮಗಳು ಮೇ ಮಾರಿಸ್ ಕಂಪನಿಯ ಕಸೂತಿ ವಿಭಾಗದ ಹೊಣೆ ಹೊತ್ತಳು. ಹಿರಿಯ ಮಗಳು ಜೆನ್ನಿಗೆ ಹದಿಹರೆಯದಲ್ಲೇ ಮೂರ್ಛೆರೋಗ ಬಂದು ತಂದೆಯ ಎದೆಯಲ್ಲಿ ಮಾಯದ ಗಾಯವಾಗಿತ್ತು. ಮೇ ಬರೆದ ಹನಿಸಕಲ್ ಎಂಬ ಗೋಡೆಕಾಗದ ಬಹುಕಾಲ ಅಪ್ಪನದೆಂದೇ ಎಣಿಕೆಯಾಯಿತು. ಕೆಲ್ಮ್‌ಸ್ಕಾಟ್ ಮನೆಯಲ್ಲಿ ಮಾರಿಸ್ ಮಲಗುತ್ತಿದ್ದ ಹಳೆಯ ಓಕ್ ಮಂಚಕ್ಕೆ ಮೇ 1891ರಿಂದ 1893ರವರೆಗೆ ಪರದೆಗಳನ್ನು ಬರೆದು ಹೊಲಿದಳು. ಜೊತೆಗೆ ಸೂಜಿ ಹಿಡಿದವರು ಎಲೆನ್ ರೈಟ್ ಮತ್ತು ಕವಿ ಯೇಟ್ಸ್‌ನ ಸೋದರಿ ಲಿಲಿ ಯೇಟ್ಸ್. ಮೇಲಿನ ಜಾಲರಿಯಲ್ಲಿ ಮಾರಿಸ್ ಆ ಮಂಚಕ್ಕೆಂದೇ ಬರೆದ ಪದ್ಯವಿದೆ. ಹೊದಿಕೆಯನ್ನು ಕಸೂತಿ ಮಾಡಿದವಳು ಜೇನ್.

ಕೊನೆಯ ವರ್ಷಗಳಲ್ಲಿ ಮುದ್ರಣ ಮಾರಿಸ್‌ನನ್ನು ಸೆಳೆದಿತ್ತು. 1891ರಲ್ಲಿ ಕೆಲ್ಮ್‌ಸ್ಕಾಟ್ ಪ್ರೆಸ್ ಆರಂಭಿಸಿದ. ಚಾಸರ್ ಕವಿಯ ಕೃತಿಗಳ ಮಹಾಸಂಪುಟ ಹೊರಬಂದ ಕೆಲವೇ ತಿಂಗಳಲ್ಲಿ, 1896ರ ಅಕ್ಟೋಬರ್ 3ರಂದು, 62ನೇ ವಯಸ್ಸಿನಲ್ಲಿ ತೀರಿಕೊಂಡ. ಆ ಪುಸ್ತಕ ಅಚ್ಚಾದ ಯಂತ್ರದಲ್ಲೇ ಆನಂದ ಕುಮಾರಸ್ವಾಮಿ 1908ರಲ್ಲಿ ಸಿಂಹಳದ ಕರಕುಶಲ ಕಲೆಗಳ ಬಗೆಗಿನ ತಮ್ಮ ಗ್ರಂಥವನ್ನು ಮುದ್ರಿಸಿದರು. ಮಾರಿಸನ ದೇಹವನ್ನು ರೈಲಿನಲ್ಲಿ ಒಯ್ದು, ಬಳ್ಳಿ ಮತ್ತು ವಿಲೋ ಟೊಂಗೆಗಳಿಂದ ಸಿಂಗರಿಸಿದ ಹೊಲದ ಗಾಡಿಯಲ್ಲಿಟ್ಟು, ಬಿರುಮಳೆಯಲ್ಲಿ ಕೆಲ್ಮ್‌ಸ್ಕಾಟ್ ಚರ್ಚಿನ ಅಂಗಳಕ್ಕೆ ತಂದರು. ಸಮಾಧಿಯ ಕಲ್ಲನ್ನು ರೂಪಿಸಿದವನು ವೆಬ್.

ಡರ್ಲ್ 1932ರಲ್ಲಿ ಸಾಯುವವರೆಗೂ ಕಂಪನಿಯ ಕಲೆಯ ಹೊಣೆ ಹೊತ್ತಿದ್ದ. ಯುದ್ಧಕಾಲದಲ್ಲಿ, 1940ರಲ್ಲಿ, ಮಾರಿಸ್ ಆ್ಯಂಡ್ ಕಂಪನಿ ಬಾಗಿಲು ಮುಚ್ಚಿತು. ಗೋಡೆಕಾಗದದ ಅಚ್ಚುಗಳು ಸ್ಯಾಂಡರ್‌ಸನ್ ಸಂಸ್ಥೆಗೆ ಹೋದವು. ವಿನ್ಯಾಸಗಳ ಹಕ್ಕಿನ ಅವಧಿ ಎಂದೋ ಮುಗಿದಿರುವುದರಿಂದ ಇಂದು ಯಾರು ಬೇಕಾದರೂ ಅವುಗಳನ್ನು ಯಾವ ಬಟ್ಟೆಯ ಮೇಲೂ ಯಂತ್ರದಲ್ಲಿ ಒತ್ತಿ ಮಾರಬಹುದು. ಸ್ಟ್ರಾಬೆರಿ ಕಳ್ಳ ಹಕ್ಕಿ ಪಾಲಿಯೆಸ್ಟರ್ ಚೀಲದ ಮೇಲೂ ಕುಳಿತಿದೆ, ಎಲ್ಲರ ಕೈಗೆಟಕುವ ಬೆಲೆಯಲ್ಲಿ.

ಅಪ್ಪನ ಬರಹಗಳನ್ನು 24 ಸಂಪುಟಗಳಲ್ಲಿ ಸಂಪಾದಿಸಿದ ಮೇ, ಪುರುಷ ಕಲಾವಿದರ ಸಂಘ ಹೆಣ್ಣುಮಕ್ಕಳನ್ನು ಒಳಬಿಡದ ಕಾರಣ 1907ರಲ್ಲಿ ಮಹಿಳಾ ಕಲಾವಿದರ ಸಂಘವನ್ನು ಕಟ್ಟಿದಳು, 1938ರಲ್ಲಿ ತೀರಿಕೊಂಡಳು. ಮಾರಿಸ್ ಬಾಲ್ಯ ಕಳೆದ ವಾಲ್ತಮ್‌ಸ್ಟೋ ಮನೆಯೊಂದು 1950ರಿಂದ ಅವನ ಹೆಸರಿನ ಸಂಗ್ರಹಾಲಯವಾಗಿದೆ. 2017ರಲ್ಲಿ ಅಲ್ಲಿ ಮೇ ಮಾರಿಸ್ ಕೃತಿಗಳ ದೊಡ್ಡ ಪ್ರದರ್ಶನ ನಡೆಯಿತು. ಹನಿಸಕಲ್ ಬಳ್ಳಿ ಅಲ್ಲಿ ಮಗಳ ಹೆಸರಿನಲ್ಲೇ ತೂಗಿತ್ತು.